ಅತ್ತೆಯ ಜೀಪಿಗೆ ಮೂರು ರಿವರ್ಸ್ ಗೇರು

ಕೆಟ್ಟ ರಸ್ತೆ ಕಂಡರೆ ಖುಷಿಪಡುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು, ಅವಳು ನಮ್ಮ ಅತ್ತೆ! ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹಡಗಲಿಯಿಂದ ಹರಪನಹಳ್ಳಿಯವರೆಗೆ ವಿಚಾರಿಸಿದ್ದೇನೆ, ಇನ್ನೊಬ್ಬರು ಸಿಕ್ಕಿಲ್ಲ. ಡಾಂಬರು ಕಿತ್ತುಹೋದ ಕಡೆ ನಾವು ನೀವು ಹಣೆ ಚಚ್ಚಿಕೊಳ್ಳುತ್ತೇವೆ. ಅತ್ತೆ ಜೀಪು ನಿಲ್ಲಿಸಿ, ಕೆಳಗಿಳಿದು, ಗುಂಡಿಯ ಆಳವನ್ನು ಕೊಡೆಯಿಂದ ಅಳೆದು, "ಭಾಳ ಚಲೋ ಐತಿ, ಇದರಾಗ ಒಂದ್ಸಲ ಇಳಿಸಿ ನೋಡೋಣ" ಎನ್ನುತ್ತಿದ್ದಳು. ಪಕ್ಕದಲ್ಲೇ ನುಣ್ಣನೆಯ ರಸ್ತೆ ಇದ್ದರೂ!

ಅತ್ತೆ ಎಂದರೆ ನಮ್ಮಪ್ಪನ ಸ್ವಂತ ಅಕ್ಕ. ಹಗರಿಬೊಮ್ಮನಹಳ್ಳಿಯಲ್ಲಿ ಮನೆ. ನರ್ಸಾಗಿ ಊರೂರು ತಿರುಗಿ ಹೆರಿಗೆ ಮಾಡಿಸಿದವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೇಳುವವರು ಯಾರೂ ಇಲ್ಲದ್ದಕ್ಕೆ ಹೀಗಾಗಿದ್ದಾಳೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಿವೃತ್ತಿಯಾದಳು. ಅವಳ ಜೊತೆಗಿದ್ದವರೆಲ್ಲ ಕೈಗೆ ಬಂದ ಹಣದಲ್ಲಿ ಬಂಗಾರದ ಬಳೆ ಮಾಡಿಸಿಕೊಂಡರು. ಇವಳು ಡ್ರೈವಿಂಗ್ ಕಲಿತು, ಹರಾಜಿಗೆ ಬಂದಿದ್ದ ಒಂದು ಹಳೇ ಸರ್ಕಾರಿ ಜೀಪು ಕೊಂಡಳು!

ಆ ಹರಾಜಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ನಾನು ಹಡಗಲಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರು, ಭಾನುವಾರ ಬಿಡುವಾಗಿರುತ್ತೇನೆ ಎಂಬುದೇ ನನ್ನ ತಪ್ಪು. ಬಂದವರೆಲ್ಲ ಜೀಪಿನ ಟೈರು ಒದ್ದು, ಬಾನೆಟ್ ತಟ್ಟಿ ನೋಡುತ್ತಿದ್ದರು. ಅತ್ತೆ ಚೀಲದಿಂದ ಸ್ಟೆತಸ್ಕೋಪ್ ತೆಗೆದಳು! ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ಅಲ್ಲಲ್ಲಿ ಇಟ್ಟು ಕೇಳಿ, "ಗುಂಡಿಗಿ ಗಟ್ಟಿ ಐತಿ. ಕಾಲು ಹೋಗ್ಯಾವ, ಅಷ್ಟ" ಎಂದಳು. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಒಬ್ಬ ಲಾರಿ ಮಾಲೀಕ ಬೀಡಿ ಬಿಸಾಕಿ, ಅಂಗಿ ಗುಂಡಿ ಬಿಚ್ಚಿ, "ಹಂಗ ನಂದೂ ಒಂದಿಷ್ಟು ನೋಡ್ರಿ, ನರ್ಸಮ್ಮಾರ" ಎಂದು ಎದೆಯೊಡ್ಡಿದ. ಅತ್ತೆ ಅವನಿಗೂ ಇಟ್ಟು ಕೇಳಿದಳು.

"ನಿನಗಿಂತ ಈ ಜೀಪು ಹೆಚ್ಚು ದಿನ ಬಾಳತೈತಿ. ಬೀಡಿ ಬಿಡು."

ಆಮೇಲೆ ಯಾರೂ ನಗಲಿಲ್ಲ. ಜೀಪು ಅತ್ತೆಯದಾಯಿತು.

ಅಲ್ಲಿಂದ ಅದರ 'ಕಾಲು'ಗಳ ಚಿಕಿತ್ಸೆ ಶುರು. ಕೊಟ್ಟೂರಿನಲ್ಲಿ ಒಬ್ಬ ಗ್ಯಾರೇಜ್ ಮೇಸ್ತ್ರಿಯನ್ನು ಹಿಡಿದಳು. ಪಾಪ, ಸಾಧು ಮನುಷ್ಯ. ಅವನ ಮುಂದೆ ಅತ್ತೆ ಇಟ್ಟ ಬೇಡಿಕೆ ಎರಡೇ. "ಗಾಡಿ ಎತ್ತರ ಆಗಬೇಕು. ಮೆತ್ತಗೂ ಆಗಬೇಕು."

"ಅದು ಹೆಂಗ ಆಗತೈತ್ರಿ ನರ್ಸಮ್ಮಾರ? ಎತ್ತರ ಮಾಡಿದ್ರ ಗಟ್ಟಿ ಆಗತೈತಿ, ಮೆತ್ತಗ ಮಾಡಿದ್ರ ಕೆಳಗ ಕುಂದ್ರತೈತಿ. ಎರಡೂ ಬೇಕಂದ್ರ ಹೊಸಾ ಗಾಡಿ ತಗೋರಿ."

"ಹೊಸಾದು ತಗೊಳ್ಳಾಕ ಆಗಿದ್ರ ನಿನ್ನ ಮುಂದ ಯಾಕ ನಿಂದರ್ತಿದ್ದೆ? ನೀ ಮಾಡು, ನಾ ನೋಡ್ಕೊಂತೀನಿ."

ಜೀಪಿನ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರಲ್ಲ, ಅವು ಕಮಾನು ಪಟ್ಟಿ. ಗಾಡಿ ಕುಲುಕುವುದೂ ಕುಲುಕದಿರುವುದೂ ಅವುಗಳ ಕೃಪೆ. ಅತ್ತೆಯ ಜೀಪಿನವು ಸತ್ತು ಚಪ್ಪಟೆಯಾಗಿದ್ದವು. ಹರಪನಹಳ್ಳಿಯ ಗುಜರಿ ಅಂಗಡಿಯಲ್ಲಿ ಅರ್ಧ ದಿನ ಕೂತು, ಯಾವುದೋ ಲಾರಿಯಿಂದ ಬಿಚ್ಚಿದ ಪಟ್ಟಿಗಳನ್ನು ಆರಿಸಿ ತಂದಳು. ಮೇಸ್ತ್ರಿ ಅವನ್ನು ಅಳತೆಗೆ ಕೊಯ್ದು ಕೂರಿಸಿದ. ಇನ್ನು ಪರೀಕ್ಷೆ. ಹಿಂದಿನ ಸೀಟು ಕಿತ್ತು, ಹಲಗೆ ಹಾಸಿ, ಮೇಲೆ ಒಂದು ಹತ್ತಿಯ ಗಾದಿ ಹಾಕಿದ್ದಳು. ಗಾದಿಯ ಮೇಲೊಂದು ಗಡಿಗೆಯಲ್ಲಿ ಗಟ್ಟಿ ಮೊಸರು.

"ಮಾಸ್ತರ, ನೀನೂ ಗಡಿಗಿ ಬಾಜೂಕ ಉದ್ದಕ ಮಲ್ಕೋ."

"ನಾ ಯಾಕ ಮಲ್ಕೋಬೇಕು? ಕುಂದರ್ತೀನಿ."

"ಕುಂತವ್ರಿಗೆ ಹೆಂಗ ಅನ್ನಿಸ್ತೈತಿ ನನಗ ಗೊತ್ತೈತಿ. ಮಲ್ಕೊಂಡವ್ರಿಗೆ ಹೆಂಗ ಅನ್ನಿಸ್ತೈತಿ ಅದನ್ನ ಹೇಳು."

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೊರಟೆವು. ಲಾರಿಯ ಪಟ್ಟಿಗಳಿಗೆ ನಾವು ಯಾವ ಲೆಕ್ಕ? ಹತ್ತು ಟನ್ ಹೊತ್ತು ಅಭ್ಯಾಸವಾದ ಆ ಪುಣ್ಯಾತ್ಮರು ನನ್ನನ್ನೂ ಗಡಿಗೆಯನ್ನೂ ಆಕಾಶಕ್ಕೆ ಚಿಮ್ಮಿ ಚಿಮ್ಮಿ ಹಿಡಿದರು. ನನ್ನ ಬೆನ್ನಿನ ಒಂದೊಂದು ಮಣಿಯೂ ತನ್ನ ಹೆಸರು ಹೇಳಿ ಹಾಜರಿ ಕೊಟ್ಟಿತು! ಕೂಡ್ಲಿಗಿ ಮುಟ್ಟಿ ಗಡಿಗೆಯ ಮುಚ್ಚಳ ತೆಗೆದರೆ ಮೊಸರು ಮಜ್ಜಿಗೆಯಾಗಿತ್ತು. ಇನ್ನೆರಡು ಮೈಲಿ ಹೋಗಿದ್ದರೆ ಬೆಣ್ಣೆಯನ್ನೇ ತೆಗೆಯಬಹುದಿತ್ತು.

ಅತ್ತೆ ಆ ಮಜ್ಜಿಗೆಗೆ ಉಪ್ಪು ಹಾಕಿ ನನಗೆ ಕುಡಿಸಿ, "ಪಥ್ಯ ಮಾಡಿಸಬೇಕು" ಎಂದಳು. ನನಗಲ್ಲ, ಜೀಪಿಗೆ! ಪ್ರತಿ ಭಾನುವಾರ ಒಂದೊಂದು ಪಟ್ಟಿ ಬಿಚ್ಚಿಸುವುದು, ಉಳಿದವಕ್ಕೆ ಗ್ರೀಸು ಸವರಿಸುವುದು, ನನ್ನನ್ನು ಮಲಗಿಸಿ ಓಡಿಸುವುದು. ಹೀಗೆ ತೆಗೆದು ತೆಗೆದು ಒಂದು ವಾರ ಜೀಪು ಎಷ್ಟು ಮೆತ್ತಗಾಯಿತೆಂದರೆ, ಬ್ರೇಕ್ ಒತ್ತಿದಾಗಲೆಲ್ಲ ಎದುರಿಗೆ ಬಂದವರಿಗೆ ಬಾಗಿ ನಮಸ್ಕಾರ ಮಾಡತೊಡಗಿತು. ಸಂತೆಯಲ್ಲಿ ಒಬ್ಬರು, "ನರ್ಸಮ್ಮಾರು ಎಲೆಕ್ಷನ್‌ಗೆ ನಿಂತಾರೇನು?" ಎಂದು ನನ್ನನ್ನು ಗುಟ್ಟಾಗಿ ಕೇಳಿದರು. ಕೊನೆಗೆ ಎರಡು ಪಟ್ಟಿ ವಾಪಸ್ ಹಾಕಿಸಿ, ಕುಲುಕಾಟ ತಡೆಯುವ ಶಾಕಪ್ಸರ್ ನಾಲ್ಕನ್ನು ಯಾವುದೋ ಹಳೇ ವ್ಯಾನಿನಿಂದ ತಂದು ಬಿಗಿಸಿದ ಮೇಲೆ ಆ ನಮಸ್ಕಾರ ನಿಂತಿತು.

ಮೆತ್ತಗಾಯಿತು, ಸರಿ. ಎತ್ತರ? ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಒಂದು ದಪ್ಪ ಉಕ್ಕಿನ ಕೊಳವೆ ಇರುತ್ತದೆ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಹಂಚುವ ಹಲ್ಲುಗಾಲಿಗಳು ಅದರೊಳಗೇ ಇರುವುದು. ಪಟ್ಟಿಗಳು ಈ ಕೊಳವೆಯ ಕೆಳಗಿದ್ದವು. ಅವನ್ನು ಮೇಲೆ ಕೂರಿಸಿದರೆ ಗಾಡಿ ಸುಮಾರು ಗೇಣುದ್ದ ಏಳುತ್ತದೆ ಎಂದು ಮೇಸ್ತ್ರಿ ಹೇಳಿದ. ಅದಕ್ಕೆ ಪಟ್ಟಿ ಕೂರುವ ತಟ್ಟೆಗಳನ್ನು ಕೊಯ್ದು ಮೇಲ್ಗಡೆ ವೆಲ್ಡಿಂಗ್ ಮಾಡಬೇಕು.

"ವೆಲ್ಡಿಂಗ್ ಯಾಕ? ಕೊಳವಿನ್ನ ತಿರುವಿ ಹಾಕು. ತಟ್ಟಿ ತಾನ ಮ್ಯಾಲೆ ಬರ್ತಾವ" ಎಂದಳು ಅತ್ತೆ.

ಮೇಸ್ತ್ರಿ ತಲೆ ಕೆರೆದುಕೊಂಡ. ನಾನೂ ಕೆರೆದುಕೊಂಡೆ. ಇಬ್ಬರಿಗೂ ತಪ್ಪು ಕಾಣಲಿಲ್ಲ. "ತಲಿ ಅಂದ್ರ ನಿಮ್ದ ನೋಡ್ರಿ" ಎಂದು ಅವನು ತಿರುವಿ ಹಾಕಿಯೇಬಿಟ್ಟ! ಜೀಪು ಗಂಭೀರವಾಗಿ ಎತ್ತರದಲ್ಲಿ ನಿಂತಿತು. ಅತ್ತೆ ಹತ್ತಿ ಕೂತು, ಮೊದಲನೇ ಗೇರು ಹಾಕಿ, ಕ್ಲಚ್ ಬಿಟ್ಟಳು. ಜೀಪು ಹಿಂದಕ್ಕೆ ಹೊರಟಿತು! ಹಿಂದೆ ಚಹಾದಂಗಡಿ. ಬೆಂಚಿನ ಮೇಲಿದ್ದ ನಾಲ್ಕು ಜನ ಕಪ್ಪು ಸಮೇತ ಪಕ್ಕಕ್ಕೆ ಹಾರಿದರು, ಬೆಂಚು ಉರುಳಿತು. ಅತ್ತೆ ಗಾಬರಿಯಲ್ಲಿ ಎರಡನೇ ಗೇರು ಹಾಕಿದಳು. ಇನ್ನೂ ಜೋರಾಗಿ ಹಿಂದಕ್ಕೆ!

ಕೊಳವೆ ತಲೆಕೆಳಗಾದ ಮೇಲೆ ಒಳಗಿನ ಹಲ್ಲುಗಾಲಿಯೂ ಉಲ್ಟಾ ತಿರುಗದೆ ಇನ್ನೇನು ಮಾಡೀತು? ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. ಅತ್ತೆ ಕೆಳಗಿಳಿದು, ಬೆಂಚು ಎತ್ತಿ ನಿಲ್ಲಿಸಿ, ಆ ನಾಲ್ವರಿಗೂ ತನ್ನ ಲೆಕ್ಕದಲ್ಲಿ ಇನ್ನೊಂದು ಚಹಾ ಹೇಳಿ, ಶಾಂತವಾಗಿ ಅಂದಳು.

"ಮುಂದಕ್ಕ ಒಂದು ಗೇರು, ಹಿಂದಕ್ಕ ಮೂರು. ನಮ್ಮ ಕಡಿ ರಸ್ತೆ ಕೆಲಸ ಹಿಂಗ ನಡೀತಾವ."

ಕೊಳವೆ ಮತ್ತೆ ಸರಿಯಾಯಿತು, ಮುಂದೆ ಹಿಂದೆ ಎರಡೂ ಕಡೆ ವೆಲ್ಡಿಂಗೂ ಆಯಿತು. ಉಳಿದದ್ದು ಒಂದೇ. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಒಯ್ಯುವ ಉದ್ದನೆಯ ಶಾಫ್ಟು ಈ ಜೀಪಿನಲ್ಲಿ ಇರಲೇ ಇಲ್ಲ. ಅದಿಲ್ಲದೆ ನಾಲ್ಕು ಚಕ್ರವೂ ಎಳೆಯುವುದಿಲ್ಲ, ಕೆಸರಿನಲ್ಲಿ ಗಾಡಿ ಹೂತುಕೊಳ್ಳುತ್ತದೆ. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ಇಂಥದೇ ಜೀಪು ತುಕ್ಕು ಹಿಡಿದು ಬಿದ್ದಿದೆ ಎಂದು ಯಾರೋ ಹೇಳಿದರು. ಹೋದೆವು. ಜೀಪಿನ ತುಂಬ ಕೋಳಿ! ಸ್ಟೇರಿಂಗ್ ಮೇಲೆ ಹುಂಜ. ಯಜಮಾನಿ ಒಬ್ಬ ಮುದುಕಿ.

"ಬಿಚ್ಕೊಂಡು ಹೋಗ್ರಿ ಯವ್ವಾ, ನನಗೇನು ಬ್ಯಾಡ. ಆದ್ರ ಒಳಗ ಕೋಳಿ ಕಾವಿಗೆ ಕುಂತೈತಿ. ಈಗ ಬಡದಾಡಿದ್ರ ತತ್ತಿ ಕೆಡ್ತಾವ."

ನಾನು ಕೋಳಿಯನ್ನು ಪಕ್ಕಕ್ಕಿಡಲು ಕೈ ಚಾಚಿದೆ. ಅತ್ತೆ ನನ್ನ ಕೈಗೆ ಫಟ್ಟನೆ ಹೊಡೆದಳು. "ಏ ಮಾಸ್ತರ! ಜೀವನಪೂರ್ತಿ ಇದೇ ಕೆಲಸ ಮಾಡೀನಿ, ದಿನ ತುಂಬೋದಕ್ಕಿಂತ ಮೊದಲ ಯಾರನ್ನೂ ಎಬ್ಬಿಸಿಲ್ಲ."

ಹೀಗೆ ಒಂದು ಕೋಳಿಯ ಬಾಣಂತನಕ್ಕಾಗಿ ಎರಡು ಭಾನುವಾರ ಕಾದೆವು. ಅತ್ತೆ ಬರಿಗೈಲಿ ಹೋಗಿ ನೋಡಿಬರುತ್ತಿದ್ದಳೇ? ಒಂದು ಮುಷ್ಟಿ ನವಣೆ ಒಯ್ಯುತ್ತಿದ್ದಳು! ಮರಿಗಳಾದ ಮೇಲೆ ಮುದುಕಿಯೇ ಮಣೆ ಹಾಕಿ ಕೂರಿಸಿ, ರೊಟ್ಟಿ ಕೊಟ್ಟು, ಶಾಫ್ಟು ಬಿಚ್ಚಿಸಿ ಕಳಿಸಿದಳು.

ಇಷ್ಟೆಲ್ಲ ಯಾಕೆ ಎಂದು ನಾನು ಎಷ್ಟು ಸಲ ಕೇಳಿದರೂ ಅತ್ತೆ ಬಾಯಿ ಬಿಟ್ಟಿರಲಿಲ್ಲ.

ನಮ್ಮಪ್ಪನ ವಿಷಯ ನಾನು ಇನ್ನೂ ಹೇಳಿಲ್ಲ. ಹಂಪಸಾಗರದ ಹತ್ತಿರ ನಮ್ಮೂರು. ಇದಕ್ಕೆ ಮೂರು ವರ್ಷ ಮೊದಲು ಮೇವಿನ ಬಣವೆ ಒಟ್ಟುವಾಗ ಮೇಲಿಂದ ಬಿದ್ದು ಅಪ್ಪನ ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮೇಲೆ ನೋವು ಬಿಡುವುದಿಲ್ಲ. ಮಲಗಿದ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಒಮ್ಮೆ ಹೊಲ ತೋರಿಸೋಣವೆಂದು ಬಂಡಿಯಲ್ಲಿ ಮಲಗಿಸಿ ಹೊರಟಿದ್ದೆವು. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಅಪ್ಪ ಕೂಗಿದ ಕೂಗಿಗೆ ಎತ್ತುಗಳೇ ನಿಂತುಬಿಟ್ಟವು. ತಿರುಗಿ ಬಂದೆವು. "ಇನ್ನ ಹೊಲದ ಸುದ್ದಿ ನನ್ನ ಮುಂದ ಎತ್ತಬ್ಯಾಡ್ರಿ" ಎಂದು ಅಪ್ಪ ಗೋಡೆ ಕಡೆ ಮುಖ ಮಾಡಿದ. ನಾವು ಎತ್ತಲಿಲ್ಲ. ಹೊಲಕ್ಕೆ ರಸ್ತೆಯೂ ಇರಲಿಲ್ಲ. ನಡುವೆ ಹಳ್ಳ, ಆಚೆ ಎರೆಮಣ್ಣಿನ ಆಳದ ಬಂಡಿಜಾಡು.

ಶಾಫ್ಟು ಹಾಕಿಸಿದ ಮರು ಭಾನುವಾರ, ಬೆಳಗ್ಗೆ ಒಂಬತ್ತಕ್ಕೆ, ಅತ್ತೆ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿ ನೇರ ಅಪ್ಪನ ಕೋಣೆಗೆ ಹೋದಳು.

"ತಮ್ಮಾ, ಹೊಲಕ್ಕ ಹೋಗೋಣ ನಡಿ."

ಅಪ್ಪನ ಮುಖ ಕೆಂಪಾಯಿತು. "ಚ್ಯಾಷ್ಟಿ ಮಾಡಾಕ ಬಂದೀಯೇನ ಅಕ್ಕಾ?"

"ನೋವಾದ್ರ ಹ್ಞೂಂ ಅನ್ನು, ಅಲ್ಲೇ ನಿಲ್ಲಸ್ತೀನಿ. ಇವತ್ತ ಆಗಲಿಲ್ಲಂದ್ರ ಇನ್ನೊಂದು ಪಟ್ಟಿ ತೆಗಸ್ತೀನಿ. ಅದೂ ಆಗಲಿಲ್ಲಂದ್ರ ಮತ್ತೊಂದು."

ಆಗ ನನಗೆ ಹೊಳೆಯಿತು. ಅಷ್ಟು ಭಾನುವಾರ ನನ್ನನ್ನು ಆ ಗಾದಿಯ ಮೇಲೆ ಯಾರ ಬದಲು ಮಲಗಿಸಿದ್ದಳು ಎಂದು.

ಅವ್ವ, ನಾನು, ಪಕ್ಕದ ಮನೆಯವರು ಸೇರಿ ಅಪ್ಪನನ್ನು ಗಾದಿಯ ಮೇಲೆ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಅಗಸಿ ದಾಟಿತು, ಅಪ್ಪ ಕೂಗಲಿಲ್ಲ. ಅತ್ತೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಸಣ್ಣ ಗೇರಿನಲ್ಲಿ, ಇರುವೆ ನಡೆದಂತೆ ಹಳ್ಳಕ್ಕೆ ಇಳಿಸಿದಳು. ನೀರು ಸದ್ದು ಮಾಡಿತು. ಅಪ್ಪ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದ. ಹಳ್ಳದ ನಡುವೆ ಅವನ ಬಾಯಿ ತೆರೆಯಿತು.

"ಅತ್ತಿ, ನಿಲ್ಲಸು!" ಎಂದು ನಾನು ಕಿರುಚಿದೆ.

"ನಿಲ್ಲಸಬ್ಯಾಡ!" ಎಂದ ಅಪ್ಪ. "ಎಡಕ ಹೊಡಿ ಅಕ್ಕಾ, ಬಲಕ ಜೌಗೈತಿ."

ಮಲಗಿದಲ್ಲಿಂದ ಅವನಿಗೆ ಆಕಾಶವಲ್ಲದೆ ಏನೂ ಕಾಣುತ್ತಿರಲಿಲ್ಲ. ಆದರೂ ಅಪ್ಪನ ಮಾತೇ ಸರಿಯಿತ್ತು.

ಹೊಲದ ಬದುವಿನಲ್ಲಿ ಜೀಪು ನಿಂತಿತು. ಹಿಂದಿನ ಬಾಗಿಲು ತೆಗೆದು, ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿದೆವು. ಎದೆಯೆತ್ತರದ ಜೋಳ, ಗಾಳಿ. ಅಪ್ಪ ಒಂದೊಂದೇ ಸಾಲು ನೋಡುತ್ತ ಹೋದ. ಆಮೇಲೆ ಕೇಳಿದ.

"ಯಾವನು ಬಿತ್ಯಾನ ಇದನ್ನ? ಸಾಲು ಹಾವು ಹೋದಂಗ ಹೋಗ್ಯಾವ!"

ಬಿತ್ತಿದವನು ನಾನು. ಮೂರು ವರ್ಷದಿಂದ ಅಪ್ಪ ನನ್ನನ್ನು ಬೈದಿರಲಿಲ್ಲ. ಬೈಯುವಷ್ಟು ಆಸಕ್ತಿ ಅವನಿಗೆ ಯಾವುದರಲ್ಲೂ ಉಳಿದಿರಲಿಲ್ಲ. ಆ ಬೈಗುಳ ಕೇಳಿ ನನ್ನ ಕಣ್ಣು ತುಂಬಿತು. ಜೀಪಿನ ಮುಂದಕ್ಕೆ ಹೋಗಿ, ಟೈರಿನ ಕೆಸರು ಕೆರೆಯುತ್ತಿದ್ದ ಅತ್ತೆಯ ಪಕ್ಕ ನಿಂತೆ. ಅವಳ ಕೈ ಹಿಡಿದುಕೊಂಡೆ. ಗ್ರೀಸು ಮೆತ್ತಿದ, ಒರಟಾದ ಕೈ. ಇವತ್ತಿಗೂ ಆ ಕೈಗೆ ಹೇಳಬೇಕಾದ ಮಾತು ನನ್ನಲ್ಲಿ ಹಾಗೇ ಇದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ನನ್ನ ಮುಖ ನೋಡಲೂ ಇಲ್ಲ.

ಹಿಂದಿನಿಂದ ಅಪ್ಪನ ಧ್ವನಿ ಬಂತು. ಕೇಳಲೋ ಬೇಡವೋ ಎಂಬಂಥ ಸಣ್ಣ ಧ್ವನಿ.

"ಅಕ್ಕಾ, ನಾಳೀಗೂ ಬರೋಣೇನು?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಗದರಿದಳು.

"ನಾಳಿ ಮಾತು ಯಾಕೋ? ಇನ್ನಾ ಇಲ್ಲೇ ಅದೀವಲ್ಲ. ಸುಮ್ನ ನೋಡು."