ನನ್ನ ಸಿಟ್ಟಿಗೊಂದು ರಾಗವಂತೆ

ಸಿಟ್ಟು ಬಂದವನಿಗೆ ಈ ಲೋಕದಲ್ಲಿ ಇರುವುದು ಒಂದೇ ಸುಖ, ಎದುರಿನವನ ಮುಖ ಸಪ್ಪಗಾಗುವುದನ್ನು ನೋಡುವ ಸುಖ. ಬೆಂಗಳೂರಿಗೆ ಬಂದ ಮೇಲೆ ನನಗೆ ಅದೂ ಇಲ್ಲವಾಯಿತು. ನಾನು ಬಾಗಲಕೋಟೆ ಕಡೆಯವನು. ಇಲ್ಲಿ ನಾನು ಸಿಟ್ಟಿನಿಂದ ಬಾಯಿ ತೆರೆದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮಡಿವಾಳದಲ್ಲಿ ಬಸ್ಸು ನಿಲ್ಲಿಸದೆ ಸಿಲ್ಕ್ ಬೋರ್ಡ್ ತನಕ ಹೊತ್ತೊಯ್ದ ಕಂಡಕ್ಟರನ ಮೇಲೆ ಒಮ್ಮೆ ಹರಿಹಾಯ್ದೆ. ಆತ, "ಹುಬ್ಳಿನಾ ಸಾರ್? ಸಖತ್ತಾಗ್ ಮಾತಾಡ್ತೀರ!" ಎಂದು ಬೆನ್ನು ತಟ್ಟಿ ಇಳಿಸಿದ. ತುಂಗಭದ್ರೆಯ ಆಚೆ ಇರುವುದೆಲ್ಲ ಇವರಿಗೆ ಹುಬ್ಬಳ್ಳಿಯೇ. ಬಿಸಿಲಲ್ಲಿ ಮಡಿವಾಳದತ್ತ ವಾಪಸು ನಡೆಯುತ್ತ ನಾನು ಹಲ್ಲು ಕಡಿದದ್ದು ಯಾರಿಗೂ ಕೇಳಿಸಲಿಲ್ಲ.

ತಪ್ಪೆಲ್ಲ ರಾಗದ್ದಂತೆ. ಇಲ್ಲಿಯವರು ಮಾತಿನ ಬಾಲ ಕತ್ತರಿಸಿ ನುಂಗುತ್ತಾರೆ. ನಾವು ಕೊನೆಯ ಸ್ವರವನ್ನು ಎಳೆದು, ಮೇಲೇರಿಸಿ, ಅಲ್ಲೇ ನೇತುಹಾಕಿ ಬಿಡುತ್ತೇವೆ. ಸಿಟ್ಟು ಬಂದಾಗ ಆ ಎಳೆತ ಇನ್ನೂ ಹೆಚ್ಚು. ನಮ್ಮೂರಲ್ಲಿ ಅದನ್ನು ಕೇಳಿದರೆ ಅಂಗಡಿಯವರು ಬಾಗಿಲು ಹಾಕುತ್ತಾರೆ, ಇಲ್ಲಿ ಕುರ್ಚಿ ಹಾಕುತ್ತಾರೆ. ಟೀವಿಯಲ್ಲಿ ನೋಡಿ, ನಮ್ಮ ಮಾತನ್ನು ದಡ್ಡ ಪೇದೆಗೋ ಜೋಕರಿಗೋ ಹಚ್ಚಿರುತ್ತಾರೆ. ನಮ್ಮ ಕಡೆ ನ್ಯಾಯಾಧೀಶರು ಇಲ್ಲವೇ? ಅವರು ಶಿಕ್ಷೆ ಕೊಟ್ಟಾಗ ಕಟಕಟೆಯಲ್ಲಿ ನಿಂತವನು ನಗುತ್ತಾನೆಯೇ?

ಬೊಮ್ಮನಹಳ್ಳಿಯಲ್ಲಿರುವ ನಮ್ಮ ಕಾರ್ಖಾನೆಗೆ ಯಂತ್ರ ಜೋಡಿಸಲು ಕ್ರೊವೇಷ್ಯಾದಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಊಟದ ಹೊತ್ತಿಗೆ ಅವನ ಬಳಿ ಅಳಲು ತೋಡಿಕೊಂಡೆ. ಅವನು ಕೈಯಲ್ಲಿದ್ದ ಚಪಾತಿ ಕೆಳಗಿಟ್ಟ. ತಮ್ಮ ದೇಶದಲ್ಲಿ 'ಏನು' ಎನ್ನಲು ಒಂದು ಕಡೆ 'ಶ್ತೊ', ಇನ್ನೊಂದು ಕಡೆ 'ಕಾಯ್', ಸಮುದ್ರ ತೀರದಲ್ಲಿ 'ಚಾ' ಎನ್ನುತ್ತಾರಂತೆ. ಸ್ವರ ಏರಿಸುವುದು, ಇಳಿಸುವುದು, ಎಳೆಯುವುದು ಎಲ್ಲ ಊರಿಗೊಂದು ಥರವಂತೆ. ಅವನು ದ್ವೀಪದವನು. ರಾಜಧಾನಿಯಲ್ಲಿ ಅವನು ಜಗಳಕ್ಕೆ ನಿಂತರೆ ಅಲ್ಲಿಯವರು, ರಜೆಯಲ್ಲಿ ಕಡಲ ತೀರಕ್ಕೆ ಹೋದಷ್ಟು ಖುಷಿಪಡುತ್ತಾರಂತೆ. ನಮ್ಮ ಬೆಳಗಾವಿಯ ಮರಾಠಿಯಲ್ಲೂ 'ಏನು' ಎಂಬುದಕ್ಕೆ 'ಕಾಯ್' ಅನ್ನುತ್ತಾರೆಂದು ಹೇಳಿದಾಗ ಅವನು ನನ್ನ ಕೈ ಬಿಡಲೇ ಇಲ್ಲ. ಲೋಕದಲ್ಲಿ ನನ್ನ ಸಿಟ್ಟು ಅರ್ಥವಾದದ್ದು ಆ ಪುಣ್ಯಾತ್ಮನೊಬ್ಬನಿಗೆ. ಅವನೂ ಯಂತ್ರ ಓಡತೊಡಗಿದ ಮೇಲೆ ಊರಿಗೆ ಹೋದ.

ನನಗೆ ಉಳಿದವರು ಮನೆ ಮಾಲೀಕ ಮುನಿರಾಜಪ್ಪನವರು. ಬಿ.ಟಿ.ಎಂ. ಲೇಔಟ್ ಆಗುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಕೆಳಗೆ ಅವರು, ಮೇಲೆ ನಾವು. ನಮ್ಮ ನಲ್ಲಿಗೆ ನೀರು ಬಿಡುವ ವಾಲ್ವ್ ಅವರ ಹಿತ್ತಲಲ್ಲಿತ್ತು. ಮೊದಲ ಸಲ ನೀರು ನಿಂತಾಗ ನಾನು ಮೆಟ್ಟಿಲ ಮೇಲಿಂದಲೇ ಶುರುಮಾಡಿದೆ. "ಏನ್ರೀ ಮುನಿರಾಜಪ್ಪಾರ, ಮನುಷ್ಯಾರೇನ್ರೀ ನೀವು? ಮುಂಜಾನಿಂದ ಒಂದ್ ಹನಿ ನೀರಿಲ್ಲ! ಒಂದನೇ ತಾರೀಖ್ ಬಾಡಿಗಿ ಕೇಳಾಕ ಬರೂ ಕಾಲಿಗೆ, ವಾಲ್ವ್ ತನಕ ಹೋಗಾಕ ಏನ್ ಬ್ಯಾನಿ ಬಂದೈತ್ರೀ?"

ಮುನಿರಾಜಪ್ಪನವರ ಮುಖ ಅರಳಿತು. "ಲೇ, ಬಾರೇ ಇಲ್ಲಿ, ಸಾರ್ ಬಯ್ತಾವ್ರೆ, ಏನ್ ಚೆಂದಾಗ್ ಬಯ್ತಾರೆ ಕೇಳು!" ಎಂದು ಹೆಂಡತಿಯನ್ನು ಕರೆದರು. ಆಕೆ ಕೈ ಒರೆಸಿಕೊಳ್ಳುತ್ತ ಬಂದು, "ಆ ಬ್ಯಾನಿದು ಇನ್ನೊಂದ್ಸಲ ಹೇಳಿ ಸಾರ್" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕಾಫಿ ಕುಡಿದೇ ಬಂದೆ.

ಆಮೇಲೆ ನೀರು ಆಗಾಗ ನಿಲ್ಲತೊಡಗಿತು, ಅದೂ ಭಾನುವಾರ ಮತ್ತು ಹಬ್ಬದ ದಿನಗಳಲ್ಲೇ. ಗುಟ್ಟು ಹಿಡಿದವಳು ನನ್ನ ಹೆಂಡತಿ ಗಿರಿಜಾ. "ಕೆಳಗ ಚಪ್ಪಲಿ ನೋಡ್ರೀ. ಅವರ ಮನಿಗೆ ಬೀಗರು ಬಂದ ದಿನಾನ ನೀರು ಹೋಗತೈತಿ." ಬಗ್ಗಿ ನೋಡಿದೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಬಂದ ಬೀಗರಿಗೆ ಬಾಡೂಟ ಹಾಕಿ, ಎಲೆಅಡಿಕೆ ಕೊಟ್ಟು, ಆಮೇಲೆ ವಾಲ್ವ್ ತಿರುಗಿಸಿ, ನಾನು ಇಳಿದು ಬರುವುದನ್ನು ಕಾಯುವುದು ಆ ಮನೆಯ ಉಪಚಾರದ ಪದ್ಧತಿಯಾಗಿಬಿಟ್ಟಿತ್ತು!

ಇನ್ನು ಸತ್ತರೂ ಇಳಿಯುವುದಿಲ್ಲ ಎಂದು ಶಪಥ ಮಾಡಿದೆ. ನನ್ನ ಸಿಟ್ಟೇನು ಇವರಪ್ಪನ ಆಸ್ತಿಯೇ? ಮರುಭಾನುವಾರ ನೀರು ನಿಂತಾಗ ಗಿರಿಜಾ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕುಳಿತಿದ್ದಳು. "ಶಪಥ ಆಮ್ಯಾಲ ಮಾಡ್ರೀ. ಮೊದಲ ಹೋಗಿ ಬೈದು ಬರ್ರಿ, ಕಣ್ಣು ಉರಿಯಾಕತ್ತಾವು" ಎಂದಳು. ಹೊರಟೆ. ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡದ್ದೇಕೆ ಎಂದು ಮಾತ್ರ ಕೇಳಬೇಡಿ.

ಕೆಳಗೆ ಪಡಸಾಲೆ ತುಂಬಿತ್ತು. ನಿಜವಾದ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು, ಅವರ ಸಂಪು, ಮೋಟಾರು, ವಾಲ್ವು, ಬಾಡೂಟ ಎಲ್ಲವನ್ನೂ ಜಾಲಾಡಿಸಿದೆ. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮೂಲೆಯಲ್ಲಿ ಕುಳಿತ ಒಬ್ಬ ಮುದುಕರು ಮಾತ್ರ ನಗಲಿಲ್ಲ. ಕೋಲೂರಿ ಎದ್ದು ಬಂದು ಕೈಮುಗಿದರು. "ತೆಪ್ಪಾಯ್ತು ಕಣಪ್ಪ. ನೀರಿಲ್ದೆ ಮನೇಲಿ ಹೆಣ್ಮಕ್ಕಳು ಎಂಗಿರ್ತಾರೆ? ಮುನಿರಾಜು, ಎದ್ದು ನೀರ್ ಬಿಡಲೇ" ಎಂದರು. ಮುನಿರಾಜಪ್ಪನವರು ಸಪ್ಪೆ ಮೋರೆ ಹಾಕಿಕೊಂಡು ಹಿತ್ತಲಿಗೆ ನಡೆದರು. ವರ್ಷಗಟ್ಟಲೆ ನಾನು ಕಾದದ್ದು ಆ ಮುಖಕ್ಕೇ.

ಮೇಲೆ ಬಂದು ಬಾಗಿಲನ್ನು ಧಡಾರನೆ ಹಾಕಿದೆ. ಬಚ್ಚಲಲ್ಲಿ ನೀರು ಭೋರೆಂದು ಸುರಿಯುತ್ತಿತ್ತು. "ನೀರು ಬಂತಲ್ರೀ, ಮತ್ಯಾಕ ಸಿಟ್ಟು?" ಎಂದು ಗಿರಿಜಾ ಒಳಗಿನಿಂದ ಕೇಳಿದಳು.

"ಅಲ್ಲ, ಇಷ್ಟ್ ಛಲೋ ಬೈದೇನಿ," ಎಂದೆ, "ಆ ಮುದುಕ ಒಂದ್ ಸಲಾನೂ ನಗಲಿಲ್ಲಲ್ಲ!"