ಮೂರನೇ ಜ್ವರಕ್ಕೆ ಕೂತ ಮೆಣಸಿನ ಸಸಿಗಳು

ಬೀಗರೆಂದ ಮೇಲೆ ಊಟಕ್ಕೆ ಕೂತರೆ ಉಂಡು, ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು ಎದ್ದು ಹೋಗಬೇಕು. ಎಲೆಯ ಮುಂದೆ ಕೂತು ಪ್ರಶ್ನೆ ಕೇಳಬಾರದು. ಆ ಚಳಿಗಾಲದಲ್ಲಿ ಕೆಂಪಾಪುರದ ಅಂಕಯ್ಯನವರ ಮನೆಯಲ್ಲಿ ನಡೆದ ಅಷ್ಟೂ ರಾಮಾಯಣಕ್ಕೆ ಕಾರಣ, ಅವರ ಮಗಳ ಮಾವ, ದೊಡ್ಡಆಲಹಳ್ಳಿಯ ಮುನಿರಾಮಯ್ಯನವರು ಮುದ್ದೆ ಮುರಿಯುತ್ತ ಕೇಳಿದ ಒಂದು ಪ್ರಶ್ನೆ.

"ಬೀಗ್ರೇ, ಈ ಹಸಿಮೆಣಸಿನ್ಕಾಯಿ ನಿಮ್ ತೋಟದ್ದಾ?"

"ಇಲ್ಲ ಬೀಗ್ರೇ, ಸಂತೇದು."

"ಇಷ್ಟೊಂದ್ ಜಮೀನು ಮಡೀಕಂಡು ಮೆಣಸಿನ್ಕಾಯ್ನ ಸಂತೇಲಿ ತತ್ತೀರಾ?"

ಮುನಿರಾಮಯ್ಯನವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಾಯಲ್ಲಿ ಮೆಣಸಿನಕಾಯಿ ಇತ್ತು, ಬಾಯಿಗೆ ಬಂದದ್ದು ಕೇಳಿದರು, ಅಷ್ಟೆ. ಆದರೆ ಅಂಕಯ್ಯನವರು ಮುರಿದ ಮುದ್ದೆಯನ್ನು ವಾಪಸು ಎಲೆಗೇ ಹಾಕಿದರು. ಅವರೇನು ಸಾಮಾನ್ಯರೇ? ರೇಷ್ಮೆ ಹುಳು ಸಾಕುವುದರಲ್ಲಿ ಸುತ್ತಮುತ್ತಲಿನ ಹಳ್ಳಿಗಳಿಗೆ ಗುರುಗಳು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಇವರ ಚೀಲ ಬಿಚ್ಚಿದರೆ ನೂಲು ತೆಗೆಯುವ ರೀಲರುಗಳು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಓಡಿಬರುತ್ತಾರೆ (ಇದು ಅಂಕಯ್ಯನವರೇ ಹೇಳಿದ್ದು). ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಕೇಳಿಯೇ ಅವಕ್ಕೆ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. (ಹೆಂಡತಿಗೆ ಹೊಟ್ಟೆ ತುಂಬಿದೆಯೋ ಎಂದು ಕೇಳಿದ್ದಕ್ಕೆ ಮಾತ್ರ ಸಾಕ್ಷಿಗಳಿಲ್ಲ.)

"ಈ ಚಳೀಲಿ ಸಸಿ ಒಟ್ಲು ಹಾಕುದ್ರೆ ಬೀಜ ಎಲ್ ಮೊಳೀತದೆ, ಬುಡಿ ಬೀಗ್ರೇ" ಎಂದು ಮುನಿರಾಮಯ್ಯನವರು ತಾವೇ ಸಮಾಧಾನ ಹೇಳಿದರು. ಅಲ್ಲಿಗೆ ಮುಗಿಯಬೇಕಿತ್ತು.

"ಯಾಕ್ ಮೊಳೆಯಲ್ಲ? ಸಂಕ್ರಾಂತಿ ಹೊತ್ಗೆ ನಿಮ್ ಹೊಲಕ್ಕೆ ಬೇಕಾದಷ್ಟು ಮೆಣಸಿನ್ ಪೈರು ನಾನ್ ಕೊಡ್ತೀನಿ. ಬುಟ್ಟಿ ತಕ್ಕಂಡು ಬನ್ನಿ" ಎಂದರು ಅಂಕಯ್ಯನವರು.

ಸಾರು ಬಡಿಸುತ್ತಿದ್ದ ಗಂಗಲಕ್ಷ್ಮಮ್ಮನವರ ಸೌಟು ಗಾಳಿಯಲ್ಲೇ ನಿಂತಿತು. ಯಜಮಾನರ ಶಪಥಗಳೆಲ್ಲ ಕೊನೆಗೆ ಯಾರ ತಲೆಯ ಮೇಲೆ ಬಂದು ಕೂರುತ್ತವೆಂಬುದು ಆಕೆಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಬೆಳಗಾಗುವಷ್ಟರಲ್ಲಿ ಅಂಕಯ್ಯನವರಿಗೆ ಜ್ಞಾನೋದಯವಾಗಿತ್ತು. ಹಿಪ್ಪುನೇರಳೆ ತೋಟ ಕಟಾವು ಮಾಡಿ ಸೊಪ್ಪಿಲ್ಲದ್ದರಿಂದ ಹುಳುಮನೆ ಖಾಲಿ ಬಿದ್ದಿತ್ತು. ಎಳೆ ಹುಳುವಿಗೆ ಬೇಕಾದ್ದು ಬೆಚ್ಚನೆ ಜಾಗ, ಎಳೆ ಸಸಿಗೆ ಬೇಕಾದ್ದೂ ಬೆಚ್ಚನೆ ಜಾಗ. ಲೆಕ್ಕ ಒಂದೇ. ಹುಳು ಸಾಕುವ ಬಿದಿರು ತಟ್ಟೆಗಳಿಗೆ ಗೊಬ್ಬರದ ಮಣ್ಣು ತುಂಬಿ ಬೀಜ ಹಾಕಿಯೇಬಿಟ್ಟರು. ಕಿಟಕಿಗಳನ್ನೆಲ್ಲ ಮುಚ್ಚಿದರು. ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟರು. ಮೂಲೆಯಲ್ಲಿ ಇದ್ದಿಲ ಒಲೆ ಹೊತ್ತಿಸಿದರು. ಹೊಸ್ತಿಲಿಗೆ ಬ್ಲೀಚಿಂಗ್ ಪುಡಿ ಚೆಲ್ಲಿದರು. ಒಟ್ಟಿನಲ್ಲಿ ಮೆಣಸಿನ ಬೀಜಕ್ಕೆ ಬಾಣಂತಿಗೂ ಸಿಗದ ಉಪಚಾರ ಸಿಕ್ಕಿತು.

"ಒಸಿ ಬಿಸ್ಲು ಬೇಡ್ವಾ ಅವುಕ್ಕೆ?" ಎಂದರು ಗಂಗಲಕ್ಷ್ಮಮ್ಮ, ಗೋಣಿತಾಟಿನ ಆಚೆಯಿಂದ.

"ಹುಳಕ್ಕೆ ಬಿಸ್ಲು ತೋರುಸ್ತೀವಾ?"

"ಅದು ಹುಳ. ಇದು ಗಿಡ."

"ಎಲ್ಡೂ ಜೀವ ತಾನೆ? ನೀನ್ ಸುಮ್ಕಿರು. ಒಗ್ಗರಣೆ ಕೈ ತಕ್ಕಂಡು ಒಳೀಕೆ ಬರ್ಬೇಡ, ವಾಸ್ನೆ ಆಗಲ್ಲ ಅವುಕ್ಕೆ."

"ಮೆಣಸಿನ್ಕಾಯಿಗೆ ಒಗ್ಗರಣೆ ವಾಸ್ನೆ ಆಗಲ್ವಾ? ಮುಂದ್ಕೆ ಅದು ಹೋಗೋದ್ ಎಲ್ಗೆ ಅಂದ್ಕಂಡಿದ್ದೀರಿ?"

ಅಂಕಯ್ಯನವರು ಗೋಣಿತಾಟಿನ ಮೇಲೆ ಇನ್ನೊಂದು ಚೆಂಬು ನೀರು ಚೆಲ್ಲಿದರು.

ಆದರೆ ಬೀಜ ಮೊಳೆತವು. ಊರೆಲ್ಲ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅಂಕಯ್ಯನವರ ತಟ್ಟೆಗಳ ತುಂಬ ಮೊಳಕೆ. ಅವರ ಹೆಮ್ಮೆಗೆ ಮನೆ ಸಾಲಲಿಲ್ಲ. ಪಕ್ಕದ ಮನೆಯವನನ್ನು ಕೂಗಿ ಕರೆದು, ಕಾಲು ತೊಳೆಸಿ, ಕೈ ತೊಳೆಸಿ, ಗೋಣಿತಾಟನ್ನು ಅಷ್ಟಗಲ ಸರಿಸಿ ದರ್ಶನ ಮಾಡಿಸಿದರು.

"ಏನ್ಲಾ ಅಂಕಯ್ಯ, ಇಷ್ಟ್ ಉದ್ದ ಆಗ್ಬುಟ್ಟವೆ?" ಎಂದ ಅವನು.

"ಸಾಕೋದ್ರಲ್ಲಿ ಐತೆ ಕಣ್ಲಾ."

ಉದ್ದವೇನೋ ಆಗಿದ್ದವು. ಕತ್ತಲೆಯಲ್ಲಿ ಬೆಳಕು ಹುಡುಕಿಕೊಂಡು ನೂಲಿನೆಳೆಯ ಹಾಗೆ ಬೆಳ್ಳಗೆ ಮೇಲೆದ್ದಿದ್ದವು. ಹೆಂಚು ಒಡೆದು ಬಿಸಿಲಿನ ಕೋಲು ಬೀಳುತ್ತಿದ್ದ ಮೂಲೆಯ ತಟ್ಟೆಯೊಂದರಲ್ಲಿ ಮಾತ್ರ ಸಸಿಗಳು ಗಿಡ್ಡಕ್ಕೆ, ದಪ್ಪಕ್ಕೆ, ಕಪ್ಪುಹಸಿರು ಎಲೆ ಬಿಟ್ಟುಕೊಂಡು ಕೂತಿದ್ದವು. ಅಂಕಯ್ಯನವರ ಅನುಭವಿ ಕಣ್ಣು ಅವನ್ನು ಕೂಡಲೇ ಹಿಡಿಯಿತು. ಸರಿಸಮ ಬೆಳೆಯದ ಹುಳು ಅಂದರೆ ರೋಗದ ಹುಳು, ಆರಿಸಿ ಎಸೆಯಬೇಕು. ಆ ತಟ್ಟೆಯನ್ನು ಹೊತ್ತು ತಿಪ್ಪೆಯ ಕಡೆ ಹೊರಟರು.

"ಬಿಸಾಕೋ ಬದ್ಲು ನಂಗ್ ಕೊಡಿ" ಎಂದು ಗಂಗಲಕ್ಷ್ಮಮ್ಮ ಅಡ್ಡ ಬಂದರು. ಸಸಿಗಳನ್ನು ಹಳೇ ಎಣ್ಣೆ ಡಬ್ಬಗಳಿಗೆ ನೆಟ್ಟು ಬಚ್ಚಲುಮನೆಗೆ ಸಾಗಿಸಿದರು. ಹಂಡೆ ಒಲೆಯ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಡಬ್ಬಗಳು ಬಚ್ಚಲಿನ ಕಟ್ಟೆಗೆ, ಸಂಜೆ ಚಳಿ ಬಿದ್ದರೆ ಮತ್ತೆ ಒಲೆಯ ಪಕ್ಕಕ್ಕೆ. ಅಂಕಯ್ಯನವರು ಅದಕ್ಕೆ 'ಧರ್ಮಾಸ್ಪತ್ರೆ' ಎಂದು ಹೆಸರಿಟ್ಟು ನಕ್ಕರು.

ಇದಾದ ಕೆಲವೇ ದಿನಕ್ಕೆ ಹುಳುಮನೆಯ ಸಸಿಗಳು ತಲೆ ಬಗ್ಗಿಸಿದವು. ಬೇರೆ ಯಾರಾದರೂ ಆಗಿದ್ದರೆ ನೀರು ತರಲು ಓಡುತ್ತಿದ್ದರು. ಅಂಕಯ್ಯನವರು ಹಿಗ್ಗಿದರು.

"ನೋಡು, ಜ್ವರಕ್ ಕೂತ್ವು."

ರೇಷ್ಮೆ ಹುಳು ಬೆಳೆಯುವಾಗ ನಡುನಡುವೆ ಸೊಪ್ಪು ಬಿಟ್ಟು ಮಿಸುಕಾಡದೆ ಕೂರುತ್ತದೆ. ಅದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಜ್ವರ ಬಿಟ್ಟ ಹುಳು ಪೊರೆ ಕಳಚಿ ಇನ್ನೂ ದೊಡ್ಡದಾಗಿ ಏಳುತ್ತದೆ. ಅಂಕಯ್ಯನವರು ಅದನ್ನೇ ಚಾಚೂ ತಪ್ಪದೆ ಮಾಡಿದರು. ನೀರು ನಿಲ್ಲಿಸಿದರು, ಸುಣ್ಣ ಉದುರಿಸಿದರು.

"ನೀರಾಕಿ, ಒಣಗ್ತಾವೆ" ಎಂದರು ಹೆಂಡತಿ.

"ಜ್ವರ ಬಂದೋರಿಗೆ ಯಾರಾರ ಬಾಡೂಟ ಹಾಕ್ತಾರಾ?"

ಮರುದಿನ ಗೋಣಿತಾಟಿನ ತೇವಕ್ಕೋ ಏನೋ ಅರ್ಧ ಸಸಿಗಳು ತಲೆ ಎತ್ತಿದವು. ಒಂದನೇ ಜ್ವರ ಪಾಸಾಯಿತೆಂದು ಅಂಕಯ್ಯನವರು ಪಕ್ಕದ ಮನೆಯವನಿಗೆ ಟೀ ಕೊಡಿಸಿದರು. ಎರಡನೇ ಜ್ವರದಲ್ಲಿ ಎದ್ದದ್ದು ಅಲ್ಲೊಂದು ಇಲ್ಲೊಂದು. ಮೂರನೇ ಜ್ವರಕ್ಕೆ ಅಷ್ಟೂ ಸಸಿ ತಟ್ಟೆಯಲ್ಲಿ ಅಂಗಾತ ಮಲಗಿದವು. ಅಂಕಯ್ಯನವರು ಸ್ಟೂಲು ಹಾಕಿಕೊಂಡು ಕಾಯುತ್ತ ಕೂತರು.

"ಎದ್ದಾಗ ನನ್ನೂ ಕೂಗಿ" ಎಂದು ಗಂಗಲಕ್ಷ್ಮಮ್ಮ ಹಿಟ್ಟು ಬೀಸಿಸಲು ಮಿಲ್ಲಿಗೆ ಹೋದರು.

ಸಸಿಗಳು ಏಳಲಿಲ್ಲ. ಸಂಕ್ರಾಂತಿ ಬಂತು, ಬುಟ್ಟಿ ಹಿಡಿದುಕೊಂಡು ಮುನಿರಾಮಯ್ಯನವರೂ ಬಸ್ಸಿಳಿದು ಬಂದರು. ಅಂಕಯ್ಯನವರಿಗೆ ಆಗ ನಿಜವಾಗಿ ಭಯವಾಯಿತು. ಇಷ್ಟು ವರ್ಷದಲ್ಲಿ ಒಂದು ಬೆಳೆಯೂ ಕೈಕೊಟ್ಟಿರಲಿಲ್ಲ. ಇನ್ನು ಮೇಲೆ ಮಗಳು ಆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದಾಗಲೆಲ್ಲ ಅಪ್ಪನ ಮಾತು ಬರುತ್ತದಲ್ಲ ಎಂದು ನೆನೆದು ಹುಳುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಒಳೀಕ್ ಹೋಗಂಗಿಲ್ಲ ಬೀಗ್ರೇ. ಮೊದ್ಲು ಕಾಲ್ ತೊಳ್ಕಳಿ, ಕಾಫಿ ಕುಡೀರಿ."

ಕಾಲು ತೊಳೆಯಲು ಬಚ್ಚಲಿನ ಕಡೆ ಹೋದ ಮುನಿರಾಮಯ್ಯನವರು ಅಲ್ಲೇ ನಿಂತುಬಿಟ್ಟರು. ಕಟ್ಟೆಯ ಮೇಲೆ ಎಣ್ಣೆ ಡಬ್ಬಗಳ ಸಾಲು. ಡಬ್ಬಗಳ ತುಂಬ ಗಟ್ಟಿ ಕಾಂಡದ, ಮಿರಮಿರ ಮಿಂಚುವ ಮೆಣಸಿನ ಸಸಿಗಳು.

"ಬೀಗ್ರೇ, ಇಂಥ ಪೈರ್ನ ನಾನು ನರ್ಸರೀಲೂ ನೋಡಿಲ್ಲ. ಯಾರ್ ಬೆಳೆದಿದ್ದು?"

ಅಂಕಯ್ಯನವರು ಹೆಂಡತಿಯ ಮುಖ ನೋಡಿದರು. ಗಂಗಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಬೀಜ ಹಾಕಿದ್ದು ಅವ್ರೇ ಅಣ್ಣ" ಎಂದರು. ಅದು ಸುಳ್ಳೂ ಅಲ್ಲ. ಅಂಕಯ್ಯನವರ ಕಣ್ಣು ತುಂಬಿ ಬಂತು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎನಿಸಿತು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುನಿರಾಮಯ್ಯನವರು, "ಹೆಂಗ್ ಬೆಳೆದ್ರಿ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಗುರುಗಳಾದವರು ಹೇಳದೆ ಇರಲಾಗುತ್ತದೆಯೇ? ಮುಚ್ಚಿದ ಕಿಟಕಿ, ಒದ್ದೆ ಗೋಣಿತಾಟು, ಇದ್ದಿಲ ಒಲೆ, ಮೂರು ಜ್ವರ, ಸುಣ್ಣದ ಪುಡಿ ಎಲ್ಲವನ್ನೂ ಅಂಕಯ್ಯನವರು ಕಾಫಿ ಆರುವವರೆಗೆ ಬೋಧಿಸಿದರು.

"ಬಿಸ್ಲೇ ಬೇಡ್ವಾ?"

"ಬಿಸ್ಲಿನ್ ಹೆಸ್ರೇ ಎತ್ಬೇಡಿ ಬೀಗ್ರೇ."

ಅಡುಗೆಮನೆಯಲ್ಲಿ ಗಂಗಲಕ್ಷ್ಮಮ್ಮನವರಿಗೆ ಜೋರು ಕೆಮ್ಮು ಬಂತು. ಯಾರೂ ಗಮನಿಸಲಿಲ್ಲ. ಮುನಿರಾಮಯ್ಯನವರು ಸಸಿಗಳನ್ನು ಬುಟ್ಟಿಯಲ್ಲಿ ಜೋಡಿಸಿಕೊಂಡು, ಊರಿನಲ್ಲಿ ಇನ್ನಷ್ಟು ಜನಕ್ಕೆ ಪೈರು ಬೇಕು, ಹೋಗಿ ಇದೇ ಪದ್ಧತಿಯಲ್ಲಿ ಒಟ್ಲು ಹಾಕುತ್ತೇನೆಂದು ಹೇಳಿ ಹೊರಟರು. ಅಂಕಯ್ಯನವರು ಬಸ್ ಸ್ಟ್ಯಾಂಡಿನಿಂದ ಎದೆ ಉಬ್ಬಿಸಿಕೊಂಡು ವಾಪಸಾದರು.

ಶಿವರಾತ್ರಿ ಹತ್ತಿರವಾದಾಗ ಮೊಬೈಲು ಬಡಿದುಕೊಂಡಿತು. ಅಂಕಯ್ಯನವರು ಸ್ಪೀಕರ್ ಹಾಕಿದರು. (ಬೀಗರ ಹೊಗಳಿಕೆ ಒಂದೇ ಕಿವಿಗೆ ಬಿದ್ದು ದಂಡವಾಗಬಾರದಲ್ಲ.)

"ಬೀಗ್ರೇ, ನಿಮ್ ಪೈರು ಹೊಲದಲ್ಲಿ ಹೂ ಬುಡ್ತಾ ಐತೆ. ಊರೋರೆಲ್ಲ ಬಂದ್ ನೋಡ್ತಾವ್ರೆ. ಆದ್ರೆ ಇಲ್ ಮನೇಲಿ ಹಾಕಿದ್ ಒಟ್ಲು ಎಲ್ಡ್ನೇ ಜ್ವರಕ್ ಕೂತಿದ್ದು ಎದ್ದೇ ಇಲ್ಲ. ಊರೋರೂ ನಿಮ್ ಮಾತ್ ಕೇಳಿ ಹಂಗೇ ಹಾಕವ್ರೆ, ಎಲ್ಲರ್ದೂ ಮಲಗವೆ. ಇಲ್ಲೇ ಕುಂತವ್ರೆ ಎಲ್ಲ. ಎಷ್ಟ್ ದಿನ ಕಾಯ್ಬೇಕು, ಒಸಿ ಹೇಳಿ."

ಅಂಕಯ್ಯನವರು ಇನ್ನೂ ಒಂದು ವಾರ ಕಾಯಿರಿ ಎನ್ನಬಹುದಿತ್ತು. ಆದರೆ ಅಷ್ಟು ಜನರ ಬೀಜ, ಅಷ್ಟು ಜನರ ನಂಬಿಕೆ. ಹುಳುವಿಗೂ ಮೋಸ ಮಾಡಿದವರಲ್ಲ ಅವರು. ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಗೆ ಫೋನು ಚಾಚಿದರು.

"ತಕ್ಕೊ ಗಂಗಾ. ಪೈರು ಬೆಳೆದೋಳು ನೀನು. ನೀನೇ ಹೇಳು."

ಗಂಗಲಕ್ಷ್ಮಮ್ಮ ಅವರೆಕಾಯಿ ಪಕ್ಕಕ್ಕೆ ಸರಿಸಿದರು. ಆಮೇಲೆ ಫೋನಿಗೆ, "ಅಣ್ಣ, ಅವು ಏಳಲ್ಲ. ಸತ್ತೋಗವೆ. ನಮ್ಮನೇವೂ ಮೂರ್ನೇ ಜ್ವರಕ್ಕೆ ಹೋದ್ವು. ನೀವ್ ತಕ್ಕಂಡ್ ಹೋಗಿದ್ದು ನಾನ್ ಬಚ್ಚಲ ಒಲೆ ಪಕ್ಕ ಮಡಗಿ, ಬಿಸ್ಲು ಕಾಯ್ಸಿ ಬೆಳೆದಿದ್ದು" ಎಂದರು.

ಆ ಕಡೆ ದೊಡ್ಡಆಲಹಳ್ಳಿಗೆ ದೊಡ್ಡಆಲಹಳ್ಳಿಯೇ ನಕ್ಕಿತು. ನಗು ನಿಂತ ಮೇಲೆ ಮುನಿರಾಮಯ್ಯನವರ ದನಿ ಕೇಳಿತು.

"ಅಕ್ಕಾ, ನೀವೇ ಒಂದ್ಸಲ ಬಂದು ನಮ್ಮೂರೋರಿಗೆ ತೋರ್ಸ್ಕೊಡ್ಬೇಕು. ಕಾರ್ ಕಳುಸ್ತೀನಿ."

ಕಾರು ಎಂಬ ಮಾತು ಕಿವಿಗೆ ಬಿದ್ದಾಗ ಅಂಕಯ್ಯನವರ ನಾಚಿಕೆಯೆಲ್ಲ ಕರಗಿಹೋಯಿತು. ತಮ್ಮ ಗೂಡಿಗೆ ಎಷ್ಟೇ ಒಳ್ಳೆ ರೇಟು ಬಂದಾಗಲೂ ಇಷ್ಟು ಹೆಮ್ಮೆ ಆಗಿರಲಿಲ್ಲ ಅವರಿಗೆ. ಫೋನನ್ನು ಹೆಂಡತಿಯ ಕೈಯಿಂದ ಕಸಿದುಕೊಂಡರು.

"ನಮ್ಮನೇವ್ಳು ಅಂದ್ರೆ ಏನಂದ್ಕಂಡಿದ್ದೀರಿ ಬೀಗ್ರೇ? ನಾನೇ ಜತೇಲಿ ಕರ್ಕಂಡ್ ಬತ್ತೀನಿ."

"ಬನ್ನಿ ಬೀಗ್ರೇ, ಧಾರಾಳವಾಗಿ ಬನ್ನಿ" ಎಂದರು ಮುನಿರಾಮಯ್ಯನವರು. "ಕೋಳಿ ಕುಯ್ಸ್ತೀನಿ, ಉಂಡು ಜಗಲಿ ಮೇಲೆ ಮಲೀಕಳಿ. ಪೈರಿನ್ ತಾವ್ಕೆ ಮಾತ್ರ ಬರ್ಬೇಡಿ."