ಮಾವನ ಅಂಬಾಸಿಡರ್‌ಗೆ ಮಂಜು ಕವಿದದ್ದು

"ಅಂಗೈಯಷ್ಟು ಕಾರಿನ ಗಾಜು ಉಜ್ಜೋಕೆ ಇಂಜಿನಿಯರಿಂಗ್ ಓದಿರ್ಬೇಕಾ? ಅರ್ಧ ಗಂಟೆ ಕೊಡು ಶಾಲಿನಿ, ಶೋರೂಮಿಂದ ಈಗ ಇಳಿಸಿದ ಹಾಗೆ ಮಾಡಿಡ್ತೀನಿ."

ಶನಿವಾರ ಬೆಳಿಗ್ಗೆ ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ಹೆಂಡತಿಯ ಮುಂದೆ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದವನು ಯುವರಾಜ್. ಹೆಸರಿಗೆ ಯುವರಾಜ, ಕೆಲಸ ವಿಮಾ ಕಚೇರಿಯ ಗುಮಾಸ್ತಿಕೆ. ಏನಾದರೂ ಅಚ್ಚಾಗಿದೆಯೆಂದರೆ ಓದಿ ನಂಬಿಬಿಡುವುದು ಅವನ ವೃತ್ತಿಧರ್ಮ.

ಕಾರು ಅವನದಲ್ಲ, ಮಾವ ಗುರುಶಾಂತಪ್ಪನವರದು. ಮೂವತ್ತೈದು ವರ್ಷ ಬಿಳಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದ ಅವರು ಅದು ಗುಜರಿ ಸೇರಿದ ದಿನ ಊಟವನ್ನೇ ಬಿಟ್ಟಿದ್ದರು. ಅಪ್ಪನ ಕೊರಗು ನೋಡಲಾರದೆ ಶಾಲಿನಿ ಎಲ್ಲೆಲ್ಲೋ ಹುಡುಕಿ ಅದೇ ಬಣ್ಣದ ಪುಟ್ಟ ಮಾಡೆಲ್ ತಂದುಕೊಟ್ಟಿದ್ದಳು. ಮುಂದಿನ ಪ್ಲಾಸ್ಟಿಕ್ ಗಾಜಿನಲ್ಲಿ ಇಣುಕಿದರೆ ಒಳಗೆ ಸಾಸಿವೆ ಗಾತ್ರದ ಹಾರ್ನ್ ಸಮೇತ ಸ್ಟೀರಿಂಗ್ ಕಾಣುತ್ತಿತ್ತು. ವಿಲ್ಸನ್ ಗಾರ್ಡನ್ನಿನ ತಮ್ಮ ಮನೆಯಲ್ಲಿ ಮಾವ ದಿನಾ ಬೆಳಿಗ್ಗೆ ಮೊದಲು ಅದನ್ನು ನೋಡಿ, ಆಮೇಲೆ ಪೇಪರ್ ಬಿಡಿಸುವವರು. ಈ ಸಲ ಹಬ್ಬಕ್ಕೆ ಮುಂಚೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಧೂಪ, ವಿಭೂತಿ ಯಾವುದರ ಹತ್ತಿರವೂ ಸುಳಿಯಬೇಡಿ ಎಂದರು ಡಾಕ್ಟರು. ಆಯುಧಪೂಜೆ ಮಾತ್ರ ತಪ್ಪಬಾರದೆಂದು ಕಾರನ್ನು ಮಗಳ ಮನೆಗೆ ಕಳಿಸಿದರು.

ಯುವರಾಜ್ ಪೂಜೆಯಲ್ಲಿ ಒಂದು ಎಳೆಯೂ ಕಡಿಮೆ ಮಾಡಲಿಲ್ಲ. ಗಾಜಿನ ಮೇಲೆ ಬೆಂಕಿಕಡ್ಡಿಯಲ್ಲಿ ಮೂರು ಗೆರೆ ವಿಭೂತಿ ಎಳೆದ, ಬಾನೆಟ್ಟಿಗೆ ಕುಂಕುಮ ಇಟ್ಟ. ಚಕ್ರಕ್ಕಿಂತ ನಿಂಬೆಹಣ್ಣೇ ದೊಡ್ಡದಾದ್ದರಿಂದ ನಾಲ್ಕು ನಿಂಬೆ ಬೀಜ ಇಟ್ಟು ಕಾರು ಹತ್ತಿಸಿದ! ಎಲ್ಲ ಸಾಂಗವಾಗಿ ಮುಗಿಯಿತು. ಮೂರನೆಯ ದಿನ ಒಣಗಿದ ವಿಭೂತಿಯನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿದ್ದೇ ಮಹಾಪರಾಧವಾಯಿತು. ವಿಭೂತಿ ಹೋಯಿತು, ಅದರ ಜಾಗದಲ್ಲಿ ನೂರಾರು ಗೀರುಗಳು ಬಂದು ಕೂತವು. ಭಾನುವಾರ ಮಾವ ಕಾರು ಒಯ್ಯಲು ಬರುವವರಿದ್ದರು.

ಇಂಟರ್‌ನೆಟ್ಟಿನಲ್ಲಿ ಒಬ್ಬ ಮಹಾನುಭಾವ ದಾರಿ ತೋರಿಸಿದ. ಗಾಜನ್ನು ಬಿಚ್ಚಿ, ಒದ್ದೆ ಸ್ಯಾಂಡ್‌ಪೇಪರಿನಲ್ಲಿ ಒರಟಿನಿಂದ ನಯಕ್ಕೆ ಹಂತ ಹಂತವಾಗಿ ಉಜ್ಜಬೇಕಂತೆ. ಹಾರ್ಡ್‌ವೇರ್ ಅಂಗಡಿಯವನು ನಾನೂರು, ಸಾವಿರ, ಮೂರು ಸಾವಿರ ನಂಬರಿನ ಮೂರು ಹಾಳೆ ಸುತ್ತಿಕೊಟ್ಟು, ಯಾವುದು ಮೊದಲು ಅಂತ ಗೊತ್ತಲ್ವಾ ಸಾರ್ ಎಂದು ಕೇಳಿದ. ನಂಬರ್ ಬರೆದಿದೆಯಲ್ಲಪ್ಪಾ ಎಂದು ಯುವರಾಜ್ ಅವನ ಅಜ್ಞಾನಕ್ಕೆ ಮರುಗಿ ಬಂದ.

ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು. ಚಪ್ಪಲಿಯ ನಂಬರ್ ದೊಡ್ಡದಾದರೆ ಚಪ್ಪಲಿ ದೊಡ್ಡದು. ಹಾಗೆಯೇ ಮೂರು ಸಾವಿರದ್ದು ಮಹಾ ಒರಟು, ನಾನೂರರದ್ದು ಬೆಣ್ಣೆ. ಮೊದಲು ಮೂರು ಸಾವಿರದಲ್ಲಿ ಉಜ್ಜಿದ. ಸಣ್ಣ ಗೀರುಗಳು ನಿಜಕ್ಕೂ ಮಾಸಿದವು. ಒರಟೇ ಇಷ್ಟು ಮಾಡಿದರೆ ನಯದ್ದು ಇನ್ನೆಷ್ಟು ಮಾಡೀತು ಎಂದು ಹಿಗ್ಗಿ ಸಾವಿರಕ್ಕೆ ಬಂದ. ಗಾಜು ಮಸುಕಾಯಿತು. ಉಜ್ಜಿದ್ದು ಸಾಲಲಿಲ್ಲವೇನೋ ಎಂದು ಇನ್ನಷ್ಟು ಉಜ್ಜಿದ, ಇನ್ನಷ್ಟು ಮಸುಕಾಯಿತು. ನಾನೂರಕ್ಕೆ ಬರುವಷ್ಟರಲ್ಲಿ ಗಾಜು ಬಚ್ಚಲುಮನೆಯ ಕಿಟಕಿಯಂತಾಗಿತ್ತು. ಮುಂದಿನದೊಂದೇ ಹೀಗಿದ್ದರೆ ಎದ್ದು ಕಾಣುತ್ತದಲ್ಲ, ಸಮಾನತೆ ಇರಲಿ ಎಂದು ಹಿಂದಿನ ಗಾಜನ್ನೂ ನಾಲ್ಕು ಕಿಟಕಿಗಳನ್ನೂ ಉಜ್ಜಿಬಿಟ್ಟ.

ತಲೆ ಕೆಟ್ಟು ಕಚೇರಿಯ ಗೆಳೆಯ ಸುಭಾಷನಿಗೆ ಫೋನ್ ಮಾಡಿದ. ಅವನು ಟೂತ್‌ಪೇಸ್ಟ್ ಹಚ್ಚು ಮಗಾ, ಸಖತ್ತಾಗಿ ಹೊಳೆಯುತ್ತೆ ಎಂದ. ಹಚ್ಚಿ, ಉಜ್ಜಿ, ಗಾಜುಗಳನ್ನು ಮತ್ತೆ ಕೂರಿಸಿದ್ದಾಯಿತು. ಅಂಬಾಸಿಡರಿನಿಂದ ಲವಂಗದ ಪರಿಮಳ ಬರತೊಡಗಿತು, ಮಂಜು ಮಾತ್ರ ಕದಲಲಿಲ್ಲ. ಹೇಳಿದಂತೆ ಮಾಡಿಯೂ ಹೀಗೇಕಾಯಿತೆಂದು ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಶಾಲಿನಿ ಮೂರು ಹಾಳೆಗಳ ಮೇಲೂ ಒಂದೊಂದು ಸಲ ಬೆರಳಾಡಿಸಿದಳು.

"ಮೂರು ಸಾವಿರದ್ದೇ ನಯ ಇದೆಯಲ್ರೀ. ನಾನೂರರದ್ದು ತೆಂಗಿನಕಾಯಿ ತುರೀಬಹುದು. ಮುಟ್ಟಿ ನೋಡ್ಲಿಲ್ವಾ?"

"ಮುಟ್ಟೋದ್ಯಾಕೆ? ನಂಬರ್ ಬರ್ದಿತ್ತಲ್ಲ."

ಶಾಲಿನಿ ಗಂಡನನ್ನು ನೋಡಿದ ನೋಟಕ್ಕೆ ನಂಬರ್ ಇರಲಿಲ್ಲ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಗುರುಶಾಂತಪ್ಪನವರು ಚಪ್ಪಲಿ ಬಿಟ್ಟವರೇ ಕಾರನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಕಿಟಕಿಯ ಬೆಳಕಿಗೆ ಹೋಗಿ ಇಣುಕಿದರು. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

"ಶಾಲಿನಿ, ಡಾಕ್ಟ್ರಿಗೆ ಫೋನ್ ಮಾಡಮ್ಮ. ಆಪರೇಷನ್ ಕೆಟ್ಟೋಗಿದೆ. ಸ್ಟೀರಿಂಗೇ ಕಾಣ್ತಿಲ್ಲ."

ಮಾವ ತಮ್ಮ ಪಾಡಿಗೆ ಮಾತಾಡುತ್ತಿದ್ದರು. ನಿನ್ನೆ ಗೋಡೆಯ ಕ್ಯಾಲೆಂಡರ್ ಓದಿದ್ದೆ, ಇವತ್ತು ಕೈಯಲ್ಲಿರುವುದೇ ಮಂಜು. ದೂರದ್ದು ಕಂಡು ಹತ್ತಿರದ್ದು ಕಾಣದಿದ್ದರೆ ಏನು ಪ್ರಯೋಜನ? ಇನ್ನು ಲೈಸೆನ್ಸ್ ವಾಪಸ್ ಕೊಟ್ಟುಬಿಡುತ್ತೇನೆ, ಕಾರೂ ಇಲ್ಲೇ ಇರಲಿ, ಕಾಣದವನಿಗೆ ಯಾಕೆ ಎಂದರು.

ಸುಮ್ಮನಿದ್ದರೆ ಯುವರಾಜ್ ಬಚಾವಾಗುತ್ತಿದ್ದ. ಸುಳ್ಳು ಹೇಳುವ ಶ್ರಮವೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಆಸೆ ಅವನಿಗೆ ಬರಲಿಲ್ಲವೆಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ಆದರೆ ಡಾಕ್ಟರ ನಂಬರ್ ಹುಡುಕುವ ನೆಪದಲ್ಲಿ ಶಾಲಿನಿ ಅವನನ್ನೇ ನೋಡುತ್ತಿದ್ದಳು. ಮಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಅವನಿಂದ ತಡೆಯಲಾಗಲಿಲ್ಲ. ಸ್ಕ್ರಬ್ಬರು, ಮೂರು ಸಾವಿರ, ನಾನೂರು, ಲವಂಗದ ಪೇಸ್ಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ.

ಗುರುಶಾಂತಪ್ಪನವರು ಕಾರನ್ನು ಮೂಸಿ ನೋಡಿದರು.

"ಅಂದ್ರೆ, ನನ್ನ ಕಣ್ಣಿಗೆ ಏನೂ ಆಗಿಲ್ವಾ?"

"ಇಲ್ಲ ಮಾವ. ನಿಮ್ಮ ಕಣ್ಣು ಚೆನ್ನಾಗಿದೆ. ಗಾಜು ಹಾಳು ಮಾಡಿದ್ದು ನಾನೇ."

ಮಾವನ ಎದೆಯಿಂದ ದೊಡ್ಡದೊಂದು ನಿಟ್ಟುಸಿರು ಹೊರಬಿತ್ತು. ಕಾರನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. ಆಮೇಲೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಸಾವಕಾಶವಾಗಿ ನೋಡಿ ಮಗಳ ಕಡೆ ತಿರುಗಿದರು.

"ಹಾಗಾದ್ರೆ ಪೊರೆ ಬಂದಿದ್ದು ಮೊನ್ನೆ ಮೊನ್ನೆ ಅಲ್ಲಮ್ಮ. ಇವರನ್ನ ನಿಂಗೆ ಗೊತ್ತು ಮಾಡಿದ ವರ್ಷಾನೇ ಬಂದಿತ್ತು."